ನೋವಿಗೆ ಮೊದಲೇ: ಬೆಳ್ಳೂರು ಸೀಮೆಯವರ ಹಲ್ಲಿಗೆ ಹನ್ನೆರಡು ಸೂತ್ರ

ನೋಯುವ ತನಕ ಬಾಯಲ್ಲಿ ಹಲ್ಲಿದೆ ಎಂಬ ನೆನಪೇ ನಮಗೆ ಇರುವುದಿಲ್ಲ. ನೋವು ಶುರುವಾದಾಗ ಮೊದಲು ಲವಂಗ. ಅದಕ್ಕೂ ಜಗ್ಗದಿದ್ದರೆ ಮೆಡಿಕಲ್ ಸ್ಟೋರಿನ ಮಾತ್ರೆ. ಕೆನ್ನೆ ಊದಿ ರಾತ್ರಿಯ ನಿದ್ದೆ ಕೆಟ್ಟ ಮೇಲೆ ಆಸ್ಪತ್ರೆ. ಅಲ್ಲಿ ಕುರ್ಚಿಗೆ ಕೂರುವ ಮೊದಲೇ ‘ಕಿತ್ತಾಕ್ಬುಡಿ ಡಾಕ್ಟ್ರೇ’ ಎಂಬ ಮಾತು. ಹೀಗೆ ಉಳಿಸಬಹುದಾಗಿದ್ದ ಹಲ್ಲುಗಳೇ ಹೆಚ್ಚಾಗಿ ಹೋಗುತ್ತವೆ.

ಬೆಳ್ಳೂರಿನವರು ಆಸ್ಪತ್ರೆ ದೂರ ಎನ್ನುವಂತಿಲ್ಲ. ಪಕ್ಕದ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು 1986ರಲ್ಲೇ ಬಂತು. ತಾಲ್ಲೂಕು ಕೇಂದ್ರ ನಾಗಮಂಗಲದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ನಾವು ಅಲ್ಲಿಗೆ ತಡವಾಗಿ ಹೋಗುತ್ತೇವೆ, ಅಷ್ಟೇ. ಅದಕ್ಕೊಂದು ಕಾರಣವೂ ಉಂಟು. ಹಲ್ಲಿನ ಹೊರಕವಚವಾದ ಎನಾಮಲ್ಲಿಗೆ ನರವೇ ಇಲ್ಲ. ಹುಳುಕು ಅದನ್ನು ತಿನ್ನುತ್ತಿರುವಾಗ ಏನೂ ಗೊತ್ತಾಗುವುದಿಲ್ಲ. ನೋವು ಕಾಣಿಸುವ ಹೊತ್ತಿಗೆ ಹುಳುಕು ನರದ ಹತ್ತಿರ ಬಂದಿರುತ್ತದೆ. ವಸಡಿನ ರೋಗವಂತೂ ಹಲ್ಲು ಅಲುಗಾಡುವ ತನಕ ಬಹುಪಾಲು ಸದ್ದಿಲ್ಲದೆ ನಡೆಯುತ್ತದೆ.

ಆದ್ದರಿಂದ ಇಲ್ಲಿರುವ ಸೂತ್ರಗಳೆಲ್ಲ ಒಂದೇ ಮಾತಿನ ಸುತ್ತ: ನೋವಿಗೆ ಕಾಯಬೇಡಿ.

1. ಬೆಳಿಗ್ಗೆ ತಪ್ಪಿದರೂ ರಾತ್ರಿ ತಪ್ಪಿಸಬೇಡಿ

ಹಳ್ಳಿಯಲ್ಲಿ ಬೆಳಿಗ್ಗೆ ಮುಖ ತೊಳೆಯದೆ, ಹಲ್ಲುಜ್ಜದೆ ಕಾಫಿ ಮುಟ್ಟುವವರು ಕಡಿಮೆ. ರಾತ್ರಿ ಮಾತ್ರ ಮುದ್ದೆ-ಸಾರು ಉಂಡು, ಒಂದು ಲೋಟ ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು ಮಲಗಿಬಿಡುತ್ತೇವೆ. ಹಲ್ಲಿಗೆ ಹೆಚ್ಚು ಪೆಟ್ಟು ಬೀಳುವುದು ಆ ಹೊತ್ತಿನಲ್ಲೇ. ಹಗಲಲ್ಲಿ ಬಾಯಿಯನ್ನು ತೊಳೆಯುವ ಕೆಲಸ ಜೊಲ್ಲಿನದು. ಹುಳಿಯನ್ನು ಶಮನ ಮಾಡುವುದೂ ಅದೇ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತೀರಾ ಕಡಿಮೆಯಾಗುತ್ತದೆ. ಸಂದಿಯಲ್ಲಿ ಉಳಿದ ಅನ್ನ, ಬೆಲ್ಲದ ಅಂಶ ಬ್ಯಾಕ್ಟೀರಿಯಾಗಳಿಗೆ ಇಡೀ ರಾತ್ರಿಯ ಊಟವಾಗುತ್ತದೆ.

ದಿನಕ್ಕೆ ಎರಡು ಸಲ, ಪ್ರತಿ ಸಲ ಎರಡು ನಿಮಿಷ ಉಜ್ಜಿ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ಇನ್ನೊಂದು ಅಭ್ಯಾಸವನ್ನೂ ಬದಲಿಸಿ: ಉಜ್ಜಿದ ಮೇಲೆ ಚೊಂಬುಗಟ್ಟಲೆ ನೀರಲ್ಲಿ ಬಾಯಿ ಮುಕ್ಕಳಿಸಬೇಡಿ. ನೊರೆ ಉಗುಳಿದರೆ ಸಾಕು. ಪೇಸ್ಟಿನ ಫ್ಲೋರೈಡು ಹಲ್ಲಿನ ಮೇಲೆ ಸ್ವಲ್ಪ ಹೊತ್ತು ನಿಂತರೇ ಕೆಲಸ ಮಾಡುವುದು.

2. ಇಟ್ಟಿಗೆ ಪುಡಿ, ಇದ್ದಿಲು ಕೈಬಿಡಿ, ಬ್ರಷ್ಷು ಮೆತ್ತಗಿರಲಿ

ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಉಪ್ಪು, ಬೂದಿ, ಇದ್ದಿಲು, ಇಟ್ಟಿಗೆ ಪುಡಿ ಹೀಗೆ ನಮ್ಮ ಹಿರಿಯರ ಹಲ್ಲುಜ್ಜುವ ಸಾಮಾನಿನ ಪಟ್ಟಿ ದೊಡ್ಡದು. ಹಳೇ ಮೈಸೂರಿನ ಮನೆಗಳಿಗೆ ನಂಜನಗೂಡಿನ ಹಲ್ಲುಪುಡಿಯೂ ಹಳೆಯ ನೆಂಟ. ಅದನ್ನು ತಯಾರಿಸುವ ಸದ್ವೈದ್ಯಶಾಲೆಯನ್ನು ಬಿ.ವಿ. ಪಂಡಿತರು 1913ರಲ್ಲಿ ಕಟ್ಟಿದರು. ಹಲ್ಲುಜ್ಜುವ ಶಿಸ್ತು ನಮಗೆ ಟೂತ್‌ಪೇಸ್ಟಿನ ಜಾಹೀರಾತಿನಿಂದ ಬಂದದ್ದಲ್ಲ ಎನ್ನುವುದು ನಿಜ.

ಆದರೂ ಹಳೆಯದೆಲ್ಲ ಒಂದೇ ಅಲ್ಲ. ಇದ್ದಿಲು, ಇಟ್ಟಿಗೆ ಪುಡಿ ಒರಟು. ದಿನವೂ ತಿಕ್ಕಿದರೆ ಎನಾಮಲ್ಲು ಸವೆಯುತ್ತದೆ. ಸವೆದ ಎನಾಮಲ್ಲು ಮತ್ತೆ ಬೆಳೆಯುವುದಿಲ್ಲ. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುವುದಕ್ಕೆ ಇದೂ ಒಂದು ಕಾರಣ. ಬೇವಿನ ಕಡ್ಡಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡರೆ ತಕರಾರಿಲ್ಲ, ಆದರೆ ಅದು ಒಳದವಡೆಯ ಹಿಂಬದಿಗೆ ತಿರುಗುವುದಿಲ್ಲ. ಬೆರಳಿನದೂ ಅದೇ ಕಥೆ. ಹಲ್ಲಿನ ಮುಖ ಹೊಳೆಯುತ್ತದೆ, ಸಂದಿ ಹಾಗೇ ಉಳಿಯುತ್ತದೆ.

ಅಂಗಡಿಯಲ್ಲಿ ‘ಸಾಫ್ಟ್’ ಎಂದು ಬರೆದ ಬ್ರಷ್ಷನ್ನೇ ಕೇಳಿ. ಗಟ್ಟಿ ಬ್ರಷ್ಷಿನಿಂದ ಗರಗಸದಂತೆ ಅಡ್ಡಡ್ಡ ಎಳೆದರೆ ವಸಡು ಹಿಂದೆ ಸರಿದು ಹಲ್ಲಿನ ಬುಡದಲ್ಲಿ ಕಚ್ಚು ಬೀಳುತ್ತದೆ. ಬ್ರಷ್ಷನ್ನು ವಸಡು ಮತ್ತು ಹಲ್ಲು ಸೇರುವ ಗೆರೆಗೆ ಓರೆಯಾಗಿ ಹಿಡಿದು, ಸಣ್ಣದಾಗಿ ಅಲ್ಲಾಡಿಸುತ್ತಾ, ವಸಡಿನಿಂದ ಹಲ್ಲಿನ ತುದಿಯ ಕಡೆ ತನ್ನಿ. ಪೇಸ್ಟಿನ ಡಬ್ಬಿಯ ಮೇಲೆ ಫ್ಲೋರೈಡಿನ ಪ್ರಮಾಣ ಓದಿ. ದೊಡ್ಡವರಿಗೆ 1,000 ಪಿಪಿಎಂ ಆಸುಪಾಸಿನದು ಬೇಕು. ಮೂರು ನಾಲ್ಕು ತಿಂಗಳಿಗೆ ಬ್ರಷ್ಷು ಬದಲಿಸಿ. ಎಳೆಗಳು ಅದಕ್ಕೂ ಮೊದಲೇ ಹರಡಿಕೊಂಡಿದ್ದರೆ ನೀವು ಜೋರಾಗಿ ಉಜ್ಜುತ್ತಿದ್ದೀರಿ ಎಂದೇ ಅರ್ಥ. ಕೊನೆಗೆ ನಾಲಿಗೆಯನ್ನೂ ಹಗುರವಾಗಿ ಹೆರೆಯಿರಿ. ಬಾಯಿ ವಾಸನೆ ಹೆಚ್ಚಾಗಿ ಹುಟ್ಟುವುದು ನಾಲಿಗೆಯ ಹಿಂಭಾಗದಲ್ಲಿ ಮತ್ತು ಹಲ್ಲಿನ ಸಂದಿಯಲ್ಲಿ. ‘ಹೊಟ್ಟೆ ಸರಿಯಿಲ್ಲ’ ಎಂದು ಹೊಟ್ಟೆಯನ್ನು ಬೈದುಕೊಳ್ಳುವ ಮೊದಲು ಅಲ್ಲಿ ನೋಡಿ.

3. ಬಾಡೂಟದ ನಂತರ ಬೆಂಕಿಕಡ್ಡಿ ಬೇಡ

ಮಂಡ್ಯ ಜಿಲ್ಲೆಯ ಬಾಡೂಟ ಮುಗಿದ ಮೇಲೆ ಪಂಕ್ತಿಯಿಂದ ಎದ್ದವರು ಮೊದಲು ಹುಡುಕುವುದು ಬೆಂಕಿಕಡ್ಡಿಯನ್ನೋ ತೆಂಗಿನ ಗರಿಯ ಕಡ್ಡಿಯನ್ನೋ. ಹೆಂಗಸರಾದರೆ ಬಳೆಯಲ್ಲಿ ಸಿಕ್ಕಿಸಿದ ಪಿನ್ನು. ಮಾಂಸದ ಎಳೆ ಹೊರಗೆ ಬರುತ್ತದೆ, ಜೊತೆಗೆ ವಸಡೂ ಕಿತ್ತುಹೋಗುತ್ತದೆ. ಪದೇ ಪದೇ ಹೀಗೆ ಚುಚ್ಚಿದ ಕಡೆ ವಸಡು ಕುಸಿದು ಸಂದಿ ಅಗಲವಾಗುತ್ತದೆ. ಮುಂದಿನ ಬಾಡೂಟದಲ್ಲಿ ಅಲ್ಲಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ.

ಬ್ರಷ್ಷು ಮುಟ್ಟದ ಈ ಸಂದಿಗೆ ಫ್ಲಾಸ್ ಎಂಬ ದಾರವಿದೆ. ಸಂದಿ ಅಗಲವಾಗಿದ್ದರೆ ಪುಟ್ಟ ಸಂದಿಬ್ರಷ್ಷು ಸಿಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ. ರಾತ್ರಿ ಉಜ್ಜುವ ಮೊದಲು ದಿನಕ್ಕೊಮ್ಮೆ ಆಡಿಸಿದರೆ ಸಾಕು. ಇನ್ನೊಂದು ವಿಷಯ: ಯಾವಾಗಲೂ ಒಂದೇ ಜಾಗದಲ್ಲಿ ಆಹಾರ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿ ಹುಳುಕು ಶುರುವಾಗಿರಬಹುದು. ತೋರಿಸಿ.

ಹಾಗೇ, ಸೋಡಾ ಬಾಟಲಿಯ ಮುಚ್ಚಳ ತೆಗೆಯಲು, ತಂತಿ ಸುಲಿಯಲು, ಗೋಣಿಚೀಲದ ದಾರ ಕಡಿಯಲು ಹಲ್ಲು ಬಳಸಬೇಡಿ. ಅಂಚು ಮುರಿದ ಮುಂದಿನ ಹಲ್ಲು ತಾನಾಗಿ ಕೂಡುವುದಿಲ್ಲ.

4. ಬೆಲ್ಲ ಎಷ್ಟು ತಿಂದಿರಿ ಅನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ನೋಡಿ

ಕಬ್ಬಿನ ಜಿಲ್ಲೆ ನಮ್ಮದು. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಿಂದ ಇದೆ, ಆಲೆಮನೆಗಳು ಅದಕ್ಕೂ ಹಳೆಯವು. ‘ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದ್ದೀನಿ, ಹಲ್ಲಿಗೆ ತೊಂದರೆಯಿಲ್ಲ’ ಎನ್ನುವವರು ಈಗ ಎಲ್ಲ ಊರಲ್ಲೂ ಸಿಗುತ್ತಾರೆ. ಬೆಲ್ಲದಲ್ಲಿ ಕಬ್ಬಿಣದಂಥ ಒಂದಿಷ್ಟು ಲವಣಾಂಶ ಇರಬಹುದು, ಆದರೆ ಅದರ ಬಹುಭಾಗ ಸುಕ್ರೋಸ್, ಅಂದರೆ ಸಕ್ಕರೆಯೇ. ಹಲ್ಲಿನ ಬ್ಯಾಕ್ಟೀರಿಯಾ ಎರಡರ ನಡುವೆ ಭೇದ ಎಣಿಸುವುದಿಲ್ಲ.

ನಡೆಯುವುದು ಇಷ್ಟು. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿ ಮಾರ್ಪಡಿಸುತ್ತದೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ಲಿನ ಕ್ಯಾಲ್ಸಿಯಂ ಕರಗಲು ಶುರು. ಜೊಲ್ಲು ಅದನ್ನು ಮತ್ತೆ ಸಮಸ್ಥಿತಿಗೆ ತರಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಹಬ್ಬದ ದಿನ ಊಟದ ಜೊತೆ ಎರಡು ಹೋಳಿಗೆ ತಿಂದರೆ ಹಲ್ಲಿಗೆ ಒಂದೇ ಹೊಡೆತ. ಬೆಳಗಿನಿಂದ ಸಂಜೆವರೆಗೆ ಗಂಟೆಗೊಂದು ಸಲ ಅರ್ಧ ಲೋಟ ಟೀ, ನಡುವೆ ಬಿಸ್ಕತ್ತು, ಬಾಯಲ್ಲೊಂದು ಪೆಪ್ಪರಮಿಂಟು ಎಂದರೆ ಹಲ್ಲಿಗೆ ಚೇತರಿಸಿಕೊಳ್ಳಲು ಬಿಡುವೇ ಇಲ್ಲ.

ಲೆಕ್ಕ ಹೀಗಿಟ್ಟುಕೊಳ್ಳಿ: ಸಿಹಿ ಊಟದ ಜೊತೆಗಿರಲಿ, ಊಟದ ನಡುವಿನ ಹೊತ್ತಿಗೆ ಬೇಡ. ಆ ಹೊತ್ತಿಗೆ ಕಡಲೆಕಾಯಿ, ಸೌತೆಕಾಯಿ, ಸೀಬೆಕಾಯಿ, ಮಜ್ಜಿಗೆ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರೊಬ್ಬರಿಗೆ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಟೀ ಚಮಚಕ್ಕಿಂತ ಕಡಿಮೆ ಸಕ್ಕರೆಯಾದರೆ ಒಳ್ಳೆಯದು. ಲೋಟಕ್ಕೆರಡು ಚಮಚದಂತೆ ಮೂರು ಕಾಫಿಗೇ ಆ ಕೋಟಾ ಮುಗಿಯಿತು. ಜಾತ್ರೆಯ ಬೆಂಡು-ಬತ್ತಾಸು, ಸಂಕ್ರಾಂತಿಯ ಎಳ್ಳು-ಬೆಲ್ಲ ಬಿಡಬೇಕಿಲ್ಲ. ತಿಂದು ಮುಗಿಸಿ, ನೀರಲ್ಲಿ ಬಾಯಿ ಮುಕ್ಕಳಿಸಿ. ಡಬ್ಬದಲ್ಲಿಟ್ಟುಕೊಂಡು ವಾರವಿಡೀ ಕೈಯಾಡಿಸಬೇಡಿ.

5. ರಕ್ತ ಕಂಡರೆ ಉಜ್ಜುವುದು ಬಿಡಬೇಡಿ

ಉಗುಳಿದ ನೊರೆಯಲ್ಲಿ ಕೆಂಪು ಕಂಡ ಕೂಡಲೇ ಜನ ಆ ಜಾಗವನ್ನು ಬಿಟ್ಟು ಉಜ್ಜುತ್ತಾರೆ. ಮಾಡಬೇಕಾದ್ದು ತದ್ವಿರುದ್ಧ. ಅಲ್ಲಿ ಪಾಚಿ ನಿಂತಿರುವುದರಿಂದಲೇ ವಸಡು ಊದಿ ರಕ್ತ ಬರುತ್ತಿರುವುದು.

ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹ್ಯಾರಲ್ಡ್ ಲೋ ಎಂಬ ದಂತವಿಜ್ಞಾನಿ ಮತ್ತವರ ಸಂಗಡಿಗರು ಆರೋಗ್ಯವಾದ ವಸಡಿದ್ದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಅಷ್ಟೂ ಜನರ ವಸಡು ಕೆಂಪಾಗಿ ಊದಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಬೇಗನೆ ಸರಿಹೋಯಿತು. ಅಂದರೆ ಮೊದಲ ಹಂತದ ವಸಡಿನ ಊತಕ್ಕೆ ಔಷಧವೇ ಬೇಕಿಲ್ಲ, ಮೆತ್ತಗಿನ ಬ್ರಷ್ಷು ಸಾಕು.

ಪಾಚಿ ಹಾಗೇ ನಿಂತರೆ ಗಾರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಯಾವ ಬ್ರಷ್ಷಿಗೂ ಅದು ಬರುವುದಿಲ್ಲ; ವೈದ್ಯರೇ ಕೆರೆದು ತೆಗೆಯಬೇಕು. ಬಿಟ್ಟರೆ ಸೋಂಕು ಕೆಳಗಿಳಿದು ಹಲ್ಲನ್ನು ಹಿಡಿದ ಮೂಳೆ ಕರಗುತ್ತದೆ, ಹುಳುಕೇ ಇಲ್ಲದ ಹಲ್ಲು ಕೂಡ ಅಲುಗಾಡಿ ಬೀಳುತ್ತದೆ. ಕರಗಿದ ಮೂಳೆ ಸುಲಭಕ್ಕೆ ಮರಳಿ ಬಾರದು.

‘ಕ್ಲೀನಿಂಗ್ ಮಾಡ್ಸುದ್ರೆ ಹಲ್ಲು ಸಡಿಲ ಆಯ್ತವೆ’ ಎಂಬ ಹೆದರಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಲ್ಲು ಸಡಿಲವಾದದ್ದು ಗಾರೆಯ ಅಡಿಯಲ್ಲಿ ಮೂಳೆ ಕರಗಿದ್ದರಿಂದ, ಅದೂ ಬಹಳ ಹಿಂದೆಯೇ. ಗಾರೆ ಅದನ್ನು ಮುಚ್ಚಿಟ್ಟಿತ್ತು. ಕ್ಲೀನಿಂಗ್ ಆದ ಮೇಲೆ ಕೆಲವು ದಿನ ಹಲ್ಲು ಜುಮ್ಮೆನ್ನುವುದು, ಸಂದಿ ಕಾಣುವುದು ಸಹಜ. ಎರಡು ವಾರ ಚೆನ್ನಾಗಿ ಉಜ್ಜಿದರೂ ರಕ್ತ ನಿಲ್ಲದಿದ್ದರೆ ಮನೆಯಲ್ಲಿ ಕೂರಬೇಡಿ.

6. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿ

ಹುಳುಕಿಲ್ಲ, ನೋವಿಲ್ಲ, ಆದರೆ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ, ಇಲ್ಲವೇ ಕಂದು ಪಟ್ಟೆ. ಎಷ್ಟೇ ಉಜ್ಜಿದರೂ ಹೋಗದ ಇದು ಕೊಳೆಯಲ್ಲ, ಫ್ಲೋರೋಸಿಸ್. ಕರ್ನಾಟಕದಲ್ಲಿ ಪಾವಗಡದ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಮಂಡ್ಯ ಜಿಲ್ಲೆಯಲ್ಲೂ ಕೊಳವೆಬಾವಿಯನ್ನೇ ನೆಚ್ಚಿದ ಒಣಸೀಮೆಯ ಕೆಲವೆಡೆ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತದಲ್ಲಿ ಈ ಕಾಯಿಲೆಯನ್ನು 1937ರಲ್ಲೇ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನ ಕಡೆ ಗುರುತಿಸಿದ್ದರು.

ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರನ್ನು ಮಗು ಹುಟ್ಟಿನಿಂದ ಎಂಟು ವರ್ಷದವರೆಗೆ ಕುಡಿದರೆ, ವಸಡಿನೊಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಎನಾಮಲ್ಲೇ ಕೆಡುತ್ತದೆ. ಹಲ್ಲು ಹೊರಬಂದ ಮೇಲೆ ಗೊತ್ತಾಗಿ ಏನು ಫಲ? ಕಾಪಾಡುವ ಕಾಲ ಮಗುವಿನ ಮೊದಲ ಎಂಟು ವರ್ಷ.

ಮೂರು ವಿಷಯ ನೆನಪಿಡಿ. ಒಂದು, ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಸಾಂದ್ರವಾಗುತ್ತದೆ. ಎರಡು, ಬಟ್ಟೆಯಲ್ಲಿ ಸೋಸಿದರೂ ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಅದು ಹೋಗುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಯಂತ್ರ ಅದನ್ನು ತೆಗೆಯುತ್ತದೆ. ಯಂತ್ರ ಕೆಟ್ಟು ನಿಂತಿದ್ದರೆ ಗ್ರಾಮ ಪಂಚಾಯ್ತಿಗೆ ದೂರು ಕೊಡಿ, ಮಕ್ಕಳಿರುವ ಮನೆಯವರು ಮೊದಲು ಕೊಡಿ. ಮೂರು, ಕುಡಿಯುವ ನೀರು ಮಾತ್ರವಲ್ಲ, ಅಡುಗೆಯ ನೀರೂ ಅದೇ ಆಗಿರಲಿ.

ಹಾಗಾದರೆ ಫ್ಲೋರೈಡಿರುವ ಪೇಸ್ಟು ಯಾಕೆ ಎಂದು ಕೇಳಬಹುದು. ನುಂಗುವುದು ಬೇರೆ, ಹಚ್ಚಿ ಉಗುಳುವುದು ಬೇರೆ. ದೊಡ್ಡವರಿಗೆ ಹಲ್ಲಿನ ಮೇಲ್ಮೈಗೆ ತಗುಲುವ ಫ್ಲೋರೈಡಿನಿಂದ ಲಾಭವೇ. ಉಗುಳಲು ಬಾರದ ಎಳೆಮಕ್ಕಳಿದ್ದು, ಊರಿನ ನೀರೂ ಹಾಗಿದ್ದರೆ ಯಾವ ಪೇಸ್ಟು ಎಂದು ದಂತವೈದ್ಯರನ್ನು ಕೇಳಿ. ಈಗಾಗಲೇ ಕಲೆ ಬಿದ್ದ ಹಲ್ಲನ್ನು ಇಟ್ಟಿಗೆಯಲ್ಲಿ ಉಜ್ಜಬೇಡಿ. ಕಲೆಯನ್ನು ತಿಳಿಮಾಡುವ, ಮೇಲೆ ತೆಳುಪದರ ಕೂರಿಸುವ ಚಿಕಿತ್ಸೆಗಳಿವೆ.

7. ಆರನೇ ವರ್ಷಕ್ಕೆ ಮಗುವಿನ ಬಾಯಿ ಬಿಡಿಸಿ ನೋಡಿ

‘ಹೆಂಗಿದ್ರೂ ಬಿದ್ದೋಗೋ ಹಲ್ಲು’ ಎಂದು ಹಾಲುಹಲ್ಲಿನ ಹುಳುಕನ್ನು ಬಿಟ್ಟುಬಿಡುತ್ತೇವೆ. ಹಾಲುಹಲ್ಲು 20. ಅವುಗಳಲ್ಲಿ ಹಿಂದಿನವು ಹತ್ತು ಹನ್ನೊಂದು ವರ್ಷದ ತನಕ ಇರಬೇಕು. ಮಗು ಅಗಿದು ತಿನ್ನುವುದು ಅದರಲ್ಲೇ. ಮುಂದೆ ಬರುವ ಹಲ್ಲಿಗೆ ಜಾಗ ಹಿಡಿದಿಡುವುದೂ ಅದೇ. ಬೇಗ ಕಿತ್ತರೆ ಪಕ್ಕದವು ವಾಲಿಕೊಂಡು ಹೊಸ ಹಲ್ಲು ಸೊಟ್ಟಗೆ ಬರುತ್ತದೆ.

ಇದಕ್ಕಿಂತ ದೊಡ್ಡ ಎಡವಟ್ಟು ಆರನೇ ವಯಸ್ಸಿನಲ್ಲಾಗುತ್ತದೆ. ಆಗ ಎಲ್ಲಕ್ಕಿಂತ ಹಿಂದೆ, ಯಾವ ಹಾಲುಹಲ್ಲೂ ಬೀಳದೆ, ಸದ್ದಿಲ್ಲದೆ ನಾಲ್ಕು ದವಡೆಹಲ್ಲು ಹುಟ್ಟುತ್ತವೆ. ಬಿದ್ದು ಹುಟ್ಟಿದ್ದಲ್ಲವಾದ್ದರಿಂದ ಅಪ್ಪ-ಅಮ್ಮ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಅವು ಸಾಯುವ ತನಕ ಇರಬೇಕಾದವು. ಅವುಗಳ ಮೇಲಿನ ಆಳವಾದ ಗೀರುಗಳಲ್ಲಿ ಹುಳುಕು ಬೇಗ ಹಿಡಿಯುತ್ತದೆ. ದಂತವೈದ್ಯರು ಆ ಗೀರನ್ನು ಕೊರೆಯದೆ, ನೋವಿಲ್ಲದೆ, ಸೀಲೆಂಟ್ ಹಾಕಿ ಮುಚ್ಚಬಲ್ಲರು.

ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟು, ಆರರ ತನಕ ಬಟಾಣಿಯಷ್ಟು. ಏಳೆಂಟು ವರ್ಷದವರೆಗೆ ಉಜ್ಜಿಸುವ ಕೈ ನಿಮ್ಮದೇ ಇರಲಿ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡು ಮಗು ನಿದ್ದೆ ಹೋಗಬಾರದು. ಮೇಲಿನ ನಾಲ್ಕೂ ಮುಂದಿನ ಹಲ್ಲು ಕಪ್ಪಾಗಿ ಕರಗುವುದು ಹೀಗೆ. ನಿಪ್ಪಲ್ಲಿಗೆ ಜೇನುತುಪ್ಪ ಸವರುವುದಂತೂ ಬೇಡವೇ ಬೇಡ. ಒಂದು ವರ್ಷ ತುಂಬದ ಮಗುವಿಗೆ ಜೇನೇ ಅಪಾಯ. ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಕೊಡುತ್ತಿದ್ದಾರೆ. ಕುಡಿದ ಮೇಲೆ ಒಮ್ಮೆ ಬಾಯಿ ಮುಕ್ಕಳಿಸುವುದನ್ನು ಮೇಷ್ಟ್ರು ರೂಢಿ ಮಾಡಿಸಿದರೆ ದೊಡ್ಡ ಉಪಕಾರ. ಅಂಗನವಾಡಿ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ಹಲ್ಲನ್ನೂ ನೋಡುತ್ತದೆ. ಅವರು ಚೀಟಿ ಬರೆದುಕೊಟ್ಟರೆ ಅದನ್ನು ಬ್ಯಾಗಿನಲ್ಲೇ ಮರೆಯಬೇಡಿ.

8. ಬಸುರಿ, ಬಾಣಂತಿ, ಸಕ್ಕರೆ ಕಾಯಿಲೆಯವರು ಹೆಚ್ಚು ಹುಷಾರು

ಬಸುರಿನಲ್ಲಿ ಹಾರ್ಮೋನಿನ ಏರುಪೇರಿನಿಂದ ವಸಡು ಬೇಗ ಊದುತ್ತದೆ, ರಕ್ತ ಬರುತ್ತದೆ. ‘ಮಗು ಹಲ್ಲಿನ ಸುಣ್ಣ ಎಳ್ಕೊಳ್ತದೆ’ ಎಂಬುದು ಸುಳ್ಳು. ಹಲ್ಲಿನಿಂದ ಕ್ಯಾಲ್ಸಿಯಂ ಮಗುವಿಗೆ ಹೋಗುವುದಿಲ್ಲ. ವಾಂತಿಯಾದ ಕೂಡಲೇ ಉಜ್ಜಬೇಡಿ, ನೀರಲ್ಲಿ ಮುಕ್ಕಳಿಸಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಬೇಕಾದ ಚಿಕಿತ್ಸೆಗೆ ನಾಲ್ಕರಿಂದ ಆರನೇ ತಿಂಗಳು ಅನುಕೂಲ. ಬಾಣಂತಿ ತಣ್ಣೀರು ಮುಟ್ಟಬಾರದೆಂದು ಮನೆಯ ಹಿರಿಯರು ಹಟ ಹಿಡಿದರೆ ಬಿಸಿನೀರಲ್ಲಿ ಉಜ್ಜಲಿ, ಉಜ್ಜದೇ ಇರುವುದು ಬೇಡ.

ಸಕ್ಕರೆ ಕಾಯಿಲೆ ಮತ್ತು ವಸಡಿನ ರೋಗ ಒಂದನ್ನೊಂದು ಬೆಳೆಸುತ್ತವೆ. ಸಕ್ಕರೆ ಏರಿದರೆ ವಸಡು ಕೆಡುತ್ತದೆ. ವಸಡಿನಲ್ಲಿ ಸೋಂಕಿದ್ದರೆ ಸಕ್ಕರೆ ಹತೋಟಿಗೆ ಬರುವುದಿಲ್ಲ. ಶುಗರ್ ತೋರಿಸಲು ಹೋದ ದಿನವೇ ಬಾಯಿಯನ್ನೂ ತೋರಿಸಿ.

9. ಎಲೆ-ಅಡಿಕೆಯವರು ಮೂರು ಬೆರಳಿನ ಪರೀಕ್ಷೆ ಮಾಡಿಕೊಳ್ಳಿ

‘ಹೊಗೆಸೊಪ್ಪು ಹಾಕಾಕಿಲ್ಲ, ಬರೀ ಎಲೆ-ಅಡಿಕೆ’ ಎಂದು ಸಮಾಧಾನ ಹೇಳಿಕೊಳ್ಳುವವರು ಇದನ್ನು ಓದಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನೇ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ನಾಡಿಗೆ ಇದು ಕಹಿ ಮಾತು, ಆದರೂ ಹೇಳದಿದ್ದರೆ ಆಗದು. ಕಡ್ಡಿಪುಡಿ, ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಏರುತ್ತದೆ. ಗುಟ್ಕಾ ಕರ್ನಾಟಕದಲ್ಲಿ 2013ರಿಂದ ನಿಷೇಧ. ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಬೇರೆ ಬೇರೆ ಕೊಂಡು ಬಾಯಲ್ಲಿ ಬೆರೆಸಿದರೆ ಅದೂ ಗುಟ್ಕಾನೇ.

ಅಡಿಕೆ ಅಗಿಯುವವರ ಕೆನ್ನೆಯ ಒಳಭಾಗ ಮೆಲ್ಲಗೆ ಬಿರುಸಾಗುತ್ತದೆ. ಖಾರ ತಿಂದರೆ ಉರಿಯುತ್ತದೆ. ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಬರುತ್ತದೆ. ಕನ್ನಡಿ ಮುಂದೆ ನಿಂತು ನಿಮ್ಮ ಮೂರು ಬೆರಳು ಒಂದರ ಮೇಲೊಂದು ನಿಲ್ಲುವಂತೆ ಬಾಯಿಗೆ ಇಟ್ಟು ನೋಡಿ. ಹೋಗದಿದ್ದರೆ ತಕ್ಷಣ ವೈದ್ಯರಿಗೆ ತೋರಿಸಿ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕತ್ತಿನಲ್ಲಿ ಗಂಟು ಕಂಡರೂ ಹಾಗೇ. ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಬಾಯಿಯದು. ಮೊದಲ ಹಂತದಲ್ಲಿ ಅದಕ್ಕೂ ನೋವಿರುವುದಿಲ್ಲ. ಬೇಗ ಸಿಕ್ಕಿದರೆ ಗುಣವಾಗುತ್ತದೆ; ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯವರೆಗೆ ದಾರಿಯಿದೆ. ಹೊಗೆಸೊಪ್ಪು ಬಿಡಲು ಸಹಾಯ ಬೇಕಿದ್ದರೆ 1800-11-2356, ಕರೆ ಉಚಿತ.

10. ಮಾತ್ರೆ ನುಂಗಿ ದಿನ ದೂಡಬೇಡಿ

ಲವಂಗದ ಎಣ್ಣೆ ಹಲ್ಲನ್ನು ಮರಗಟ್ಟಿಸುತ್ತದೆ, ನೋವಿನ ಮಾತ್ರೆಯೂ ಅಷ್ಟೇ. ಎರಡೂ ಒಂದು ರಾತ್ರಿ ಕಳೆಯಲು ಸರಿ. ಹುಳುಕು ಮಾತ್ರ ಅಲ್ಲೇ ಇರುತ್ತದೆ. ಮಾಡಿನ ಹೆಂಚು ಒಡೆದಾಗಲೇ ಬದಲಿಸಿದರೆ ಒಂದು ಹೆಂಚಿನ ಖರ್ಚು, ಸೋರಿ ಸೋರಿ ತೊಲೆ ಕೊಳೆತ ಮೇಲೆ ಮಾಡನ್ನೇ ಬಿಚ್ಚಬೇಕು. ಹಲ್ಲಿನಲ್ಲೂ ಹಾಗೇ: ಕಪ್ಪು ಚುಕ್ಕೆಯಿದ್ದಾಗ ಹೋದರೆ ಒಂದೇ ಕೂತಿಗೆ ಫಿಲ್ಲಿಂಗ್. ನರಕ್ಕೆ ತಗುಲಿದ ಮೇಲೆ ರೂಟ್ ಕೆನಾಲ್ ಮತ್ತು ಕ್ಯಾಪು. ಅದೂ ದಾಟಿದರೆ ಕೀಳುವುದು, ಆ ಜಾಗಕ್ಕೆ ಕಟ್ಟಿಸುವುದು. ಪ್ರತಿ ಮೆಟ್ಟಿಲಿಗೂ ಖರ್ಚು ಏರುತ್ತದೆ. ನೋವು ತಾನಾಗಿ ನಿಂತುಹೋದರೆ ಖುಷಿಪಡಬೇಡಿ. ನರ ಸತ್ತು, ಸೋಂಕು ಬೇರಿನ ತುದಿಗೆ ಇಳಿದಿರಬಹುದು.

ಎರಡು ಹಳೆ ನಂಬಿಕೆ ಬಿಡಬೇಕು. ಹೊಗೆ ಹಾಕಿ ಹಲ್ಲಿನ ಹುಳ ಉದುರಿಸುವವರು ತೋರಿಸುವುದು ಹಲ್ಲಿನ ಹುಳವಲ್ಲ. ಹಲ್ಲಿನಲ್ಲಿ ಹುಳವೇ ಇರುವುದಿಲ್ಲ. ಫ್ರಾನ್ಸಿನ ಪಿಯೆರ್ ಫೋಶಾರ್ 1728ರ ತಮ್ಮ ಗ್ರಂಥದಲ್ಲೇ, ಹುಡುಕಿದರೂ ಹುಳ ಕಾಣಲಿಲ್ಲ ಎಂದು ಬರೆದಿದ್ದರು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬುದೂ ಸುಳ್ಳು. ನೋಟದ ನರ ಬೇರೆ, ಹಲ್ಲಿನ ನರ ಬೇರೆ.

ಇಲ್ಲಿ ಮಾತ್ರ ಒಂದು ನಿಮಿಷವೂ ತಡ ಬೇಡ: ಹಲ್ಲುನೋವಿನ ಜೊತೆ ಗದ್ದದ ಕೆಳಗೆ ಊತ, ಜ್ವರ, ಬಾಯಿ ತೆರೆಯಲು ಆಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟ. ಇದು ಜೀವಕ್ಕೇ ಕುತ್ತು. ಬಿಸಿ ಶಾಖ ಕೊಡುತ್ತಾ ಕೂರದೆ 108ಕ್ಕೆ ಕರೆ ಮಾಡಿ, ದೊಡ್ಡಾಸ್ಪತ್ರೆಗೆ ಹೋಗಿ.

11. ಕಳಚಿ ಬಿದ್ದ ಹಲ್ಲನ್ನು ಹಾಲಿಗೆ ಹಾಕಿ

ಹೆದ್ದಾರಿ ಪಕ್ಕದ ಊರು. ಬೈಕಿನಿಂದ ಬೀಳುವುದು, ಮಕ್ಕಳು ಕಬಡ್ಡಿಯಲ್ಲಿ ಮುಗ್ಗರಿಸುವುದು ಹೊಸದಲ್ಲ. ಶಾಶ್ವತ ಹಲ್ಲು ಬೇರುಸಹಿತ ಕಳಚಿ ಬಿದ್ದರೆ ಎಸೆಯಬೇಡಿ. ಬಿಳಿಯ ತಲೆಭಾಗ ಹಿಡಿದು ಎತ್ತಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ಒಂದೆರಡು ಕ್ಷಣ ನೀರು ಹಾಯಿಸಿ ಅದೇ ಗುಳಿಗೆ ಕೂರಿಸಿ ಬಟ್ಟೆ ಕಚ್ಚಿಸಿ. ಆಗದಿದ್ದರೆ ಒಂದು ಲೋಟ ತಣ್ಣನೆಯ ಹಾಲಿಗೆ ಹಾಕಿ. ಊರಿಗೊಂದು ಡೇರಿ ಇರುವ ಸೀಮೆಯಲ್ಲಿ ಹಾಲಿಗೆ ಬರವಿಲ್ಲ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ದಂತವೈದ್ಯರನ್ನು ಮುಟ್ಟಿದರೆ ಆ ಹಲ್ಲು ಮತ್ತೆ ಕೂರಬಹುದು. ಹಾಲುಹಲ್ಲಾದರೆ ಮಾತ್ರ ವಾಪಸ್ ಕೂರಿಸಬಾರದು.

12. ಹಲ್ಲೆಲ್ಲ ಹೋದ ಅಜ್ಜಿಯನ್ನೂ ಕರೆದುಕೊಂಡು ಹೋಗಿ

‘ಕಡಲೆ ಇದ್ದಾಗ ಹಲ್ಲಿಲ್ಲ’ ಎಂದು ನಕ್ಕು ಸುಮ್ಮನಾಗುವ ವಿಷಯ ಇದಲ್ಲ. ಮುದ್ದೆ ನುಂಗಿದರೆ ಆಯ್ತು, ಹಲ್ಲು ಯಾಕೆ ಎನ್ನುವ ಹಿರಿಯರು ಸೊಪ್ಪು, ಕಾಳು, ಹಣ್ಣು ಬಿಟ್ಟು ಸೊರಗುತ್ತಾರೆ. ಬಡ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಿಸಲು ರಾಜ್ಯ ಸರ್ಕಾರ ‘ದಂತಭಾಗ್ಯ’ ಯೋಜನೆ ತಂದಿದೆ. ರೇಷನ್ ಕಾರ್ಡು, ಆಧಾರ್ ಹಿಡಿದು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ದುಬಾರಿ ಚಿಕಿತ್ಸೆ ಬೇಕಾದವರು ದಂತ ಕಾಲೇಜುಗಳನ್ನೂ ನೋಡಬಹುದು. ಹಾಸನದಲ್ಲಿ ಹಾಸನಾಂಬ, ಮೈಸೂರಿನಲ್ಲಿ ಜೆಎಸ್‌ಎಸ್, ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಇವೆ. ವಿದ್ಯಾರ್ಥಿಗಳು ಪ್ರಾಧ್ಯಾಪಕ ವೈದ್ಯರ ಕಣ್ಣೆದುರೇ ಕೆಲಸ ಮಾಡುವುದರಿಂದ ಸಮಯ ಹೆಚ್ಚು ಹಿಡಿದರೂ ಖರ್ಚು ಕಡಿಮೆ. ಸೆಟ್ ಹಾಕಿಕೊಂಡವರು ರಾತ್ರಿ ತೆಗೆದು ತೊಳೆದು ನೀರಿನಲ್ಲಿಡಬೇಕು, ವಸಡನ್ನು ಮೆತ್ತಗೆ ಒರೆಸಿಕೊಳ್ಳಬೇಕು. ಹಲ್ಲಿಲ್ಲದ ಬಾಯಲ್ಲೂ ಹುಣ್ಣು, ಮಚ್ಚೆ ಏಳಬಹುದು, ವರ್ಷಕ್ಕೊಮ್ಮೆ ತೋರಿಸಬೇಕು.

ಎಲ್ಲಿಂದ ಶುರು?

ಹನ್ನೆರಡನ್ನೂ ಒಂದೇ ದಿನ ಹಿಡಿದರೆ ಮೂರನೇ ದಿನಕ್ಕೆ ಎಲ್ಲ ಬಿಟ್ಟುಹೋಗುತ್ತದೆ. ಇವತ್ತು ರಾತ್ರಿ ಮಲಗುವ ಮೊದಲು ಎರಡು ನಿಮಿಷ ಉಜ್ಜಿ, ಮಕ್ಕಳಿಗೂ ಉಜ್ಜಿಸಿ. ಈ ವಾರ ಮನೆಯವರ ಬಾಯನ್ನೆಲ್ಲ ಬೆಳಕಿನಲ್ಲಿ ಒಮ್ಮೆ ನೋಡಿ: ಕಪ್ಪು ಚುಕ್ಕೆ, ರಕ್ತ, ಮಾಯದ ಹುಣ್ಣು, ಆರು ವರ್ಷದವರ ಹಿಂದಿನ ಹಲ್ಲು. ಈ ತಿಂಗಳೊಳಗೆ ಕುಡಿಯುವ ನೀರಿನ ಫ್ಲೋರೈಡ್ ಎಷ್ಟೆಂದು ಪಂಚಾಯ್ತಿಯಲ್ಲಿ ಕೇಳಿ. ಆಮೇಲೆ ಯಾರಿಗೂ ಏನೂ ನೋಯದಿರುವ ಒಂದು ದಿನ ನೋಡಿಕೊಂಡು ಮನೆಮಂದಿಯೆಲ್ಲ ದಂತವೈದ್ಯರ ಹತ್ತಿರ ಹೋಗಿ ಬನ್ನಿ. ‘ಏನು ತೊಂದರೆ?’ ಎಂದು ಅವರು ಕೇಳಿದಾಗ ‘ಏನೂ ಇಲ್ಲ, ನೋಡಿಸಿಕೊಂಡು ಹೋಗಾಣ ಅಂತ ಬಂದೋ’ ಎಂದರೆ ಸರಿಯಾದ ಹೊತ್ತಿಗೆ ಹೋಗಿದ್ದೀರಿ.